ಮೆಟ್ಟಿಲ ತಿರುವಿನ ಪೆಟ್ಟಿಗೆ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರುದಾರರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಮುದ್ರಣಾಲಯದ ಮಾಲೀಕರು. ಮಾರುಕಟ್ಟೆ ರಸ್ತೆಯಲ್ಲಿರುವ ಮೂರು ಅಂತಸ್ತಿನ ಕಟ್ಟಡದ ಅಂಗಡಿಕಾರರ ಸಂಘಕ್ಕೆ ಅವರೇ ಕಾರ್ಯದರ್ಶಿ. ಉಗುರಿನ ಸಂದಿಯಲ್ಲಿ ನೀಲಿ ಶಾಯಿ, ಮುಖದಲ್ಲಿ ಸಿಟ್ಟು.

"ಮೋಸ ಆಗಿದೆ," ಎಂದರು. "ಸ್ವಿಚ್ಚಿನ ವಿಷಯದಲ್ಲಿ."

ದೂರು ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತಿದರು. ನಿವೃತ್ತಿ ಹತ್ತಿರ ಬಂದಿದ್ದ ಅವರನ್ನು ಠಾಣೆಯಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು, ಇನ್ಸ್‌ಪೆಕ್ಟರ್ ಮೇಡಂ ಕೂಡ.

"ಸ್ವಿಚ್ಚಾ? ಎಲೆಕ್ಟ್ರಿಷಿಯನ್‌ನ ಕರೀಬೇಕಿತ್ತು ಸ್ವಾಮಿ."

"ಲೈಟಿನ ಸ್ವಿಚ್ಚಲ್ಲ ರೀ. ನೆಟ್‌ದು. ಕಟ್ಟಡಕ್ಕೆ ಬರೋದು ಒಂದೇ ಲೈನು. ಅದನ್ನ ಹನ್ನೊಂದು ಅಂಗಡಿಗೂ ಹಂಚೋ ಪೆಟ್ಟಿಗೆ. ಹಳೇದು ಬೇಡ ಅಂತ ಎಲ್ಲರೂ ಸೇರಿ ಹೊಸದು ಹಾಕಿಸಿದ್ವಿ. ಎರಡು ತಿಂಗಳು ನೆಟ್ಟು ನೀರು ಹರಿದ ಹಾಗೆ ಹರೀತು. ಆಮೇಲೆ ಮತ್ತೆ ಅದೇ ಆಮೆ ನಡಿಗೆ. ನಿನ್ನೆ ಬೇರೆ ಮೆಕ್ಯಾನಿಕ್‌ನ ಕರೆಸಿ ಅದನ್ನಿಟ್ಟ ಬೀರು ತೆಗೆಸಿದ್ರೆ, ಒಳಗೆ ಕೂತಿರೋದು ಹಳೇ ಡಬ್ಬ! ಹೊಸದು ಅಂತ ಬಿಲ್ ಮಾಡಿ ಹಳೇದನ್ನೇ ಕೂರಿಸಿ ಹೋಗಿದಾಳೆ ಅವಳು."

'ಅವಳು' ಎಂದರೆ ಆ ಕೆಲಸ ಮಾಡಿಕೊಟ್ಟ ಹೆಂಗಸು. ನಾಲ್ಕು ಬೀದಿ ಆಚೆ ಅವಳದೇ ಸಣ್ಣ ಅಂಗಡಿ ಇತ್ತು. ಊರಿನ ಅಂಗಡಿ, ಕ್ಲಿನಿಕ್‌ಗಳಿಗೆ ನೆಟ್ ಹಾಕಿಕೊಡುವುದೇ ಅವಳ ಉದ್ಯೋಗ. ಜನ ಅವಳನ್ನು ವೈರ್ ಅಕ್ಕ ಎನ್ನುತ್ತಿದ್ದರು. ಕಾರ್ಯದರ್ಶಿ ಠಾಣೆಗೆ ಬರುವ ಮೊದಲೇ ವ್ಯಾಪಾರಿಗಳ ಫೋನ್ ಗುಂಪಿನಲ್ಲಿ 'ಈಕೆಯನ್ನು ಯಾರೂ ಕೆಲಸಕ್ಕೆ ಕರೆಯಬೇಡಿ' ಎಂದು ಹಾಕಿಯಾಗಿತ್ತು.

ಇನ್ಸ್‌ಪೆಕ್ಟರ್ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಒಂದು ವಿಷಯ. ಹಳೇದನ್ನೇ ಕೂರಿಸಿದ್ರೆ, ಮೊದಲ ಎರಡು ತಿಂಗಳು ನೆಟ್ಟು ಹೇಗೆ ಹರೀತು?"

ಕಾರ್ಯದರ್ಶಿ ದನಿ ಏರಿಸಿದರು. "ಆಮೇಲೆ ಬಂದು ಬದಲಾಯಿಸಿರಬೇಕು. ಕಳ್ಳರ ಬುದ್ಧಿ ನಮಗೇನು ಗೊತ್ತು ಮೇಡಂ?"

ವಂಚನೆಯ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ವೈರ್ ಅಕ್ಕನ ಹೆಸರು ಬಂತು.

* * *

ಮಧ್ಯಾಹ್ನ ಸ್ಥಳ ಪಂಚನಾಮೆ. ಇನ್ಸ್‌ಪೆಕ್ಟರ್ ಜೊತೆಗೆ ಮಾವ, ಮತ್ತು ಯಾವ ಕಟ್ಟಡಕ್ಕೆ ಹೋದರೂ ಮೊದಲು ಪ್ಲಗ್ ಪಾಯಿಂಟ್ ಹುಡುಕುವ ಕಾರಣಕ್ಕೆ ಚಾರ್ಜರ್ ಎಂಬ ಹೆಸರು ಪಡೆದಿದ್ದ ಯುವ ಮಹಿಳಾ ಕಾನ್‌ಸ್ಟೆಬಲ್.

ಒಂದು ಮತ್ತು ಎರಡನೆಯ ಮಹಡಿಯ ನಡುವೆ ಮೆಟ್ಟಿಲು ತಿರುಗುವಲ್ಲಿ ಗೋಡೆಗೆ ಬೋಲ್ಟು ಹೊಡೆದು ಕೂರಿಸಿದ್ದ ತಗಡಿನ ಸಣ್ಣ ಬೀರು. ಪಂಚರಾಗಿ ನಿಲ್ಲಲು ಇಬ್ಬರು ಒಪ್ಪಿದರು. ಒಬ್ಬರು ಮೇಲಿನ ಮಹಡಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ. ಇನ್ನೊಬ್ಬರು ಬೀರುವಿನ ಪಕ್ಕದ ಬಾಗಿಲಿನವರು, ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸಿ ಶ್ರವಣ ಯಂತ್ರ ಕೊಡುವವರು. ತಾವು ಡಾಕ್ಟರಲ್ಲ ಎಂದು ಅವರು ಎಷ್ಟು ಹೇಳಿದರೂ ಜನ ಅವರನ್ನು ಕಿವಿ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಐವತ್ತರ ಆಚೆ ಈಚೆ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಮೆಲುದನಿ.

ಪೊಲೀಸರು ಕರೆಸಿದ್ದ ವೈರ್ ಅಕ್ಕ ಬೀರು ತೆರೆದು ಒಳಗೆ ನೋಡಿದ್ದೇ ಸೊಂಟದ ಮೇಲೆ ಕೈ ಇಟ್ಟಳು.

"ಇದು ನಾನೇ ಬಿಚ್ಚಿ ಕೆಳಗೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟ ಡಬ್ಬ! ಗುಜರಿಗೆ ಹಾಕಿ ಅಂತ ನಿಮಗೆ ಹೇಳಿರಲಿಲ್ವಾ?"

"ನೋಡಿ ನೋಡಿ, ನಾಟಕ," ಎಂದರು ಕಾರ್ಯದರ್ಶಿ.

"ನಾಟಕ ಆಡೋಕೆ ನಂಗೆ ಪುರುಸೊತ್ತಿದೆಯಾ? ನಿಮ್ಮ ಆ ಮೆಸೇಜ್‌ನಿಂದ ಬೆಳಿಗ್ಗೆಯಿಂದ ಎರಡು ಕೆಲಸ ಕೈಬಿಟ್ಟು ಹೋಯ್ತು. ಮೂರನೇದು ಹೋದ್ರೆ ಅಂಗಡಿಗೆ ಬೀಗವೇ."

ಇನ್ಸ್‌ಪೆಕ್ಟರ್ ನಡುವೆ ಬಂದರು. "ಜಗಳ ಆಮೇಲೆ. ಈ ಎರಡಕ್ಕೂ ಏನು ವ್ಯತ್ಯಾಸ? ನಂಗೆ ಅರ್ಥ ಆಗೋ ಹಾಗೆ ಹೇಳಿ."

ವೈರ್ ಅಕ್ಕ ಉಸಿರು ಬಿಟ್ಟಳು. "ಮೇಡಂ, ಬಸ್‌ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಒಬ್ಬರ ಹೆಸರು ಕೂಗಿದ್ರೆ ಎಲ್ಲರೂ ತಲೆ ಎತ್ತಿ ನೋಡ್ತಾರಲ್ಲ, ಈ ಹಳೇದು ಹಾಗೆ. ಪ್ರೆಸ್‌ನವರಿಗೆ ಬಂದ ಫೈಲನ್ನ ಹನ್ನೊಂದು ಅಂಗಡಿಗೂ ಕೂಗುತ್ತೆ. ಒಬ್ಬರದು ಮುಗಿಯೋವರೆಗೂ ಇನ್ನೊಬ್ಬರು ಕಾಯ್ಬೇಕು. ಹೊಸದು ಯಾರದ್ದೋ ಅವರ ಮನೆ ಬಾಗಿಲಿಗೇ ಹೋಗಿ ಕೊಟ್ಟು ಬರತ್ತೆ. ಮಿಕ್ಕವರ ಕೆಲಸಕ್ಕೆ ಅಡ್ಡಿ ಇಲ್ಲ."

"ನಮ್ಮ ಠಾಣೆಯಲ್ಲಿ ಇರೋದು ಹಳೇದೇ ಅನ್ಸತ್ತೆ," ಎಂದರು ಮಾವ. "ಒಬ್ಬರನ್ನ ಕರೆದ್ರೆ ಯಾರೂ ಬರಲ್ಲ."

ಬೀರುವಿನೊಳಗೆ ಇನ್ಸ್‌ಪೆಕ್ಟರಿಗೆ ವಿಚಿತ್ರವಾಗಿ ಕಂಡಿದ್ದು ಬೇರೆ. ಪೆಟ್ಟಿಗೆ ಬದಲಾಯಿಸಿದವನು ಕೇಬಲ್‌ಗಳನ್ನು ಕಿತ್ತೆಸೆದಿರಲಿಲ್ಲ. ಹೊಸ ಪೆಟ್ಟಿಗೆಯಲ್ಲಿ ಯಾವ ಕೇಬಲ್ ಎಷ್ಟನೆಯ ತೂತಿನಲ್ಲಿತ್ತೋ ಹಳೆಯದರಲ್ಲೂ ಅದೇ ಸಾಲಿನಲ್ಲಿ ಚುಚ್ಚಿ, ತಂತಿಗಳನ್ನು ಮೊದಲಿನಂತೆಯೇ ಪಟ್ಟಿಯಲ್ಲಿ ಬಿಗಿದಿದ್ದ. ಕದ್ದು ಮಾರುವವನಿಗೆ ಇಷ್ಟು ವ್ಯವಧಾನ ಇರುತ್ತದೆಯೆ?

"ಕ್ಯಾಮೆರಾ ಇದೆಯಲ್ಲ ಗೇಟಿನ ಹತ್ತಿರ?" ಎಂದು ಅವರು ವಾಚ್‌ಮನ್‌ನನ್ನು ಕೇಳಿದರು.

ವಾಚ್‌ಮನ್ ಟೋಪಿ ಸರಿಮಾಡಿಕೊಂಡ. "ಇದೆ ಮೇಡಂ. ಕೆಲಸ ಮಾಡ್ತಿಲ್ಲ. ಮೂರು ವಾರ ಆಯ್ತೇನೋ."

"ಹೇಳಲಿಲ್ವಾ ನೀನು?" ಕಾರ್ಯದರ್ಶಿ ಹೌಹಾರಿದರು.

"ತಾನಾಗೇ ಕೆಟ್ಟಿದ್ದು ತಾನಾಗೇ ಸರಿ ಹೋಗಬಹುದು ಅಂತ..."

"ಕೆಟ್ಟಿಲ್ಲ ಅದು!" ವೈರ್ ಅಕ್ಕನ ದನಿಗೆ ಎಲ್ಲರೂ ತಿರುಗಿದರು. "ಮೇಡಂ, ಬನ್ನಿ ಕೆಳಗೆ. ಆ ಕ್ಯಾಮೆರಾ ಸುತ್ತ ಎಲ್ಲಾದ್ರೂ ಪ್ಲಗ್ ಪಾಯಿಂಟ್ ಇದೆಯಾ ನೋಡಿ."

ಆ ವಿಷಯದಲ್ಲಿ ಠಾಣೆಯ ಪರಿಣತೆ ಚಾರ್ಜರ್. ಗೋಡೆ, ಸೂರು, ಗೇಟಿನ ಕಂಬ ಎಲ್ಲ ಸುತ್ತಿ ಬಂದು ತಲೆಯಾಡಿಸಿದಳು. ಪ್ಲಗ್ ಇರಲಿಲ್ಲ. ಕ್ಯಾಮೆರಾದಿಂದ ಹೊರಟಿದ್ದು ಒಂದೇ ಒಂದು ಕೇಬಲ್, ಅದು ನೇರ ಮೆಟ್ಟಿಲ ತಿರುವಿನ ಬೀರುವಿಗೆ ಹೋಗಿತ್ತು.

"ಇದಕ್ಕೆ ಕರೆಂಟು ಎಲ್ಲಿಂದ ಹಾಗಾದ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಸ್ವಿಚ್ಚಿನಿಂದಲೇ. ಚಿತ್ರ ಹೋಗೋ ತಂತಿಯಲ್ಲೇ ಕರೆಂಟು ಬರತ್ತೆ. ಅದು ಕೊಡೋಕೆ ಆಗೋದು ಹೊಸ ಪೆಟ್ಟಿಗೆಗೆ ಮಾತ್ರ. ಹಳೇದಕ್ಕೆ ಆ ಯೋಗ್ಯತೆ ಇಲ್ಲ."

ಇನ್ಸ್‌ಪೆಕ್ಟರ್ ಕೆಲವು ಕ್ಷಣ ಕೇಬಲ್ಲನ್ನೇ ನೋಡುತ್ತ ನಿಂತರು. ಅಂದರೆ ಕ್ಯಾಮೆರಾ ಚಿತ್ರ ಕಳಿಸುತ್ತಿದ್ದಷ್ಟು ದಿನವೂ ಬೀರುವಿನಲ್ಲಿ ಹೊಸ ಸ್ವಿಚ್ ಇತ್ತು. ಅದರ ಕಣ್ಣು ಮುಚ್ಚಿದ ಗಳಿಗೆಯೇ ಕಳುವಾದ ಗಳಿಗೆ. ಚಿತ್ರಗಳೆಲ್ಲ ಜಮೆಯಾಗುವ ರೆಕಾರ್ಡರ್ ಕಾರ್ಯದರ್ಶಿಯ ಪ್ರೆಸ್ಸಿನಲ್ಲೇ ಇತ್ತು.

ಅವರು ಪಂಚನಾಮೆಗೆ ಸಹಿ ಹಾಕಿಸಿದರು. ಟೈಲರಮ್ಮ ದೊಡ್ಡದಾಗಿ ಸಹಿ ಮಾಡಿದರು. ಕಿವಿ ಡಾಕ್ಟರು ಎರಡು ಸಲ ಓದಿ, ಸಣ್ಣದಾಗಿ ಮಾಡಿದರು.

* * *

ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಕಾಗದದ ಕಟ್ಟುಗಳ ಮೇಲೆ ಕೂತು ಅವರು ಚಿತ್ರ ನೋಡಿದರು. ಕೊನೆಯ ಚಿತ್ರ ಮೂರು ವಾರಗಳ ಹಿಂದಿನ ಭಾನುವಾರದ್ದು, ಬೆಳಿಗ್ಗೆ ಹನ್ನೊಂದರ ಆಸುಪಾಸು. ಗೇಟಿನ ಮೆಟ್ಟಿಲ ಮೇಲೆ ವಾಚ್‌ಮನ್ ಲೋಟ ಹಿಡಿದು ಕೂತಿದ್ದಾನೆ. ಲೋಟ ಬಾಯಿಗೆ ತಲುಪುವ ಮೊದಲೇ ಪರದೆ ಕಪ್ಪಾಗುತ್ತದೆ.

"ಅಯ್ಯೋ, ನಾನೇ!" ಎಂದ ವಾಚ್‌ಮನ್.

"ಖುಷಿ ಪಡು," ಎಂದರು ಮಾವ. "ಈ ಲೋಟ ನಿನ್ನ ಕಾಪಾಡ್ತು. ಇಲ್ಲಿ ಕೂತವನು ಅಲ್ಲಿ ಸ್ವಿಚ್ ಬಿಚ್ಚೋಕೆ ಆಗಲ್ಲ."

ಕಟ್ಟಡಕ್ಕೆ ಇರುವುದು ಅದೊಂದೇ ಗೇಟು. ಭಾನುವಾರ ಅಂಗಡಿಗಳಿಗೆ ರಜೆ. ಅಂದು ಬೆಳಿಗ್ಗೆ ಬೀಗ ತೆಗೆದಾಗಿನಿಂದ ಪರದೆ ಕಪ್ಪಾಗುವವರೆಗೆ ಒಳಗೆ ಹೋದವರು ಇಬ್ಬರೇ: ಟೈಲರಮ್ಮ ಮತ್ತು ಕಿವಿ ಡಾಕ್ಟರು. ವೈರ್ ಅಕ್ಕನ ಸುಳಿವೇ ಇರಲಿಲ್ಲ.

ಕಾರ್ಯದರ್ಶಿ ಕೆಮ್ಮಿದರು. "ಆದ್ರೂ ಒಂದು ಸಲ ಅವಳನ್ನ ಒಳಗೆ ಹಾಕಿ ವಿಚಾರಿಸಿದ್ರೆ..."

"ಯಾರನ್ನ ಒಳಗೆ ಹಾಕ್ಬೇಕು ಅನ್ನೋದು ನಮಗೆ ಬಿಡಿ. ನೀವು ಆ ಗುಂಪಿನಲ್ಲಿ ಹಾಕಿರೋದನ್ನ ಹೊರಗೆ ತೆಗೀರಿ," ಎಂದರು ಇನ್ಸ್‌ಪೆಕ್ಟರ್.

ಟೈಲರಮ್ಮನ ಹೇಳಿಕೆ ಮರುದಿನ ಪಡೆದರು. ಬಟ್ಟೆ ರಾಶಿಯ ನಡುವೆ ಕೂತು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಉತ್ತರಿಸಿದರು.

"ಆ ಭಾನುವಾರ ಏನು ಮಾಡ್ತಿದ್ರಿ?"

"ಮದುವೆ ಹುಡುಗಿ ಒಬ್ಬಳಿಗೆ ವಿಡಿಯೋದಲ್ಲಿ ರವಿಕೆ ತೋರಿಸ್ತಿದ್ದೆ. ತೋಳು ಗಿಡ್ಡ ಆಯ್ತಾ ಅಂತ ಕೇಳ್ತಿದ್ದ ಹಾಗೇ ಕಟ್ ಆಯ್ತು. ಹತ್ತು ನಿಮಿಷ ಬಿಟ್ಟು ಬಂತು. ಬಂದಾಗ ಅವಳ ಮುಖ ಚೂರು ಚೂರಾಗಿ ಕಾಣ್ತಿತ್ತು. ಅವತ್ತಿನಿಂದಲೂ ಹಾಗೇ. ನನ್ನ ಗಿರಾಕಿಗಳ ಮುಖ ನಾನು ಪೂರ್ತಿ ನೋಡಿ ಮೂರು ವಾರ ಆಯ್ತು."

ಮದುವೆ ಹುಡುಗಿಗೆ ಫೋನ್ ಮಾಡಿ ಚಾರ್ಜರ್ ಖಾತ್ರಿ ಮಾಡಿಕೊಂಡಳು. ಕರೆ ತುಂಡಾಗುವಾಗ ಟೈಲರಮ್ಮ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡು ಪರದೆಯಲ್ಲೇ ಇದ್ದರು.

"ಉಳಿದದ್ದು ಒಬ್ಬರೇ ಮೇಡಂ," ಎಂದಳು ಚಾರ್ಜರ್ ಮೆಟ್ಟಿಲಿಳಿಯುತ್ತ. "ಈಗಲೇ ಶೋಧ ಮಾಡೋಣವಾ?"

"ಮಾಡಬಹುದು. ಪೆಟ್ಟಿಗೆ ಅಲ್ಲಿಲ್ಲದಿದ್ರೆ?"

"ಮತ್ತೆ?"

"ಯಾಕೆ ಅಂತ ಮೊದಲು ತಿಳ್ಕೋಬೇಕು. ಕದ್ದು ಮಾರೋ ಆಸಾಮಿ ಅಲ್ಲ. ಕಟ್ಟಡದವರ ಮೇಲೆ ಹಗೆ ಇದ್ರೆ ತಂತಿ ಕತ್ತರಿಸ್ತಿದ್ದ. ನೆಟ್ಟು ಪೂರ್ತಿ ನಿಂತ್ರೆ ಯಾರಾದ್ರೂ ಬಂದು ಬೀರು ತೆಗೀತಾರೆ. ನಿಧಾನ ಆದ್ರೆ ಬೈಕೊಂಡು ಸುಮ್ಮನಿರ್ತಾರೆ. ಬೀರು ಯಾರೂ ತೆಗೀಬಾರದು ಅಂತ ಹಳೇದನ್ನ ಇಟ್ಟಿದಾರೆ. ನೆಟ್ಟು ಕೆಡಿಸೋದು ಅವರ ಉದ್ದೇಶವೇ ಅಲ್ಲ. ಹೊಸ ಪೆಟ್ಟಿಗೆ ಅಲ್ಲಿರಬಾರದಿತ್ತು, ಅಷ್ಟೇ. ಯಾಕಿರಬಾರದಿತ್ತು?"

ಮಾವ ಕೈ ಮೇಲಕ್ಕೆತ್ತಿದರು. "ಈ ಪೆಟ್ಟಿಗೆ ಏನು ಮಾಡತ್ತೆ ಅನ್ನೋದೇ ನಂಗೆ ನಿನ್ನೆ ಗೊತ್ತಾಗಿದ್ದು. ಏನು ಮಾಡಿ ಬೇಡವಾಯ್ತು ಅಂತ ಎಲ್ಲಿಂದ ಹೇಳಲಿ?"

* * *

ಗುರುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಕಿವಿ ಡಾಕ್ಟರರ ಬಾಗಿಲು ತಟ್ಟಿದರು. ಮುಂದಿನ ಕೋಣೆಯ ದೊಡ್ಡ ಕಿಟಕಿಯಿಂದ ರಸ್ತೆಯ ಹಾರ್ನ್ ಸದ್ದು ಧಾರಾಳವಾಗಿ ಒಳಗೆ ಬರುತ್ತಿತ್ತು. ಹಿಂದಿನ ಗೋಡೆಗೆ ಆತುಕೊಂಡಂತೆ ಮರದ ಒಂದು ಪುಟ್ಟ ಗೂಡು. ದಪ್ಪ ಬಾಗಿಲು, ಒಳಗೆಲ್ಲ ಸ್ಪಂಜಿನ ಹೊದಿಕೆ, ಒಂದು ಕುರ್ಚಿ, ಗಾಜಿನ ಕಿಂಡಿ. ಪರೀಕ್ಷೆಗೆ ಬಂದವರು ಗೂಡಿನೊಳಗೆ, ಯಂತ್ರದ ಮುಂದೆ ಡಾಕ್ಟರು ಹೊರಗೆ.

"ನೆಟ್ಟು ನಿಧಾನ ಆಗಿ ನಿಮಗೆ ತೊಂದರೆ ಆಗಿಲ್ವಾ?"

"ಇಲ್ಲ."

"ವರದಿ ಎಲ್ಲ ನೆಟ್ಟಲ್ಲೇ ಕಳಿಸ್ತೀರಂತೆ."

"ಕಾಯ್ತೀನಿ. ಹೋಗತ್ತೆ."

"ಈ ಕಟ್ಟಡದಲ್ಲಿ ಬೈಯದೆ ಇರೋರು ನೀವೊಬ್ಬರೇ ಸಿಕ್ಕಿದ್ದು." ಇನ್ಸ್‌ಪೆಕ್ಟರ್ ಗೂಡಿನ ಬಾಗಿಲು ತಳ್ಳಿ ಇಣುಕಿದರು. "ಯಂತ್ರ ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?"

ಇದಕ್ಕೆ ಅವರು ಖುಷಿಯಿಂದ ಉತ್ತರಿಸಿದರು. "ದಿನಾ ಬೆಳಿಗ್ಗೆ ಬೇರೆ ಅಂಗಡಿ ತೆಗೆಯೋ ಮೊದಲು ನಾನೇ ಒಳಗೆ ಕೂತು ನನ್ನ ಕಿವಿ ಪರೀಕ್ಷೆ ಮಾಡ್ಕೋತೀನಿ. ಇಪ್ಪತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ."

"ನಂದೂ ಒಂದು ನೋಡಿಬಿಡಿ. ಮನೇಲಿ ಮಗನಿಗೆ ನಾನು ಹತ್ತು ಸಲ ಕೂಗಿದ್ರೂ ಕೇಳಲ್ಲ, ನಂಗೇ ಕಿವಿ ಕೇಳಲ್ಲ ಅಂತಾನೆ ಅವನು."

ಅವರು ಒಳಗೆ ಕೂತರು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಒಂದು ಗುಂಡಿ, ಸದ್ದು ಕೇಳಿದಾಗ ಒತ್ತಬೇಕು. ದಪ್ಪ ಸದ್ದು, ತೆಳು ಸದ್ದು, ಇದೆಯೋ ಇಲ್ಲವೋ ಎನ್ನುವಂಥ ಸದ್ದು. ಮುಗಿದ ಮೇಲೆ ಕಾಗದದಲ್ಲಿ ಗೆರೆ ನೆಟ್ಟಗೆ ಬಂದಿತ್ತು. "ತುಂಬಾ ಚೆನ್ನಾಗಿದೆ. ತಪ್ಪು ನಿಮ್ಮ ಮಗಂದೇ," ಎಂದರು ಡಾಕ್ಟರು.

ಹೊರಡುವಾಗ ಇನ್ಸ್‌ಪೆಕ್ಟರ್ ಹೇಳಿದರು: "ಇವತ್ತು ವೈರ್ ಅಕ್ಕ ಅದೇ ಕಂಪನಿಯ ಇನ್ನೊಂದು ಹೊಸ ಪೆಟ್ಟಿಗೆ ತಂದು ಕೂರಿಸ್ತಾರೆ. ಕ್ಯಾಮೆರಾಕ್ಕೆ ಕರೆಂಟು ಬರತ್ತಾ ಅಂತ ಪಂಚರ ಮುಂದೆ ನೋಡ್ಬೇಕು."

"ಅಲ್ಲೇ?" ಡಾಕ್ಟರು ಕಾಗದ ಮಡಚುವುದನ್ನು ನಿಲ್ಲಿಸಿದರು. "ಬೇರೆ ಕಡೆ ಹಾಕಬಹುದಲ್ವಾ? ಕೆಳಗೆ, ಗೇಟಿನ ಹತ್ತಿರ?"

"ಯಾಕೆ?"

"ಸುಮ್ನೆ. ಕಳ್ಳತನ ಆದ ಜಾಗ ಅಲ್ವಾ."

ಇನ್ಸ್‌ಪೆಕ್ಟರ್ ಆ ಕಾಗದ ಇಸಿದುಕೊಂಡು ಮೆಟ್ಟಿಲಿಗೆ ಬಂದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಪೆಟ್ಟಿಗೆ ಬೀರುವಿನಲ್ಲಿ ಕೂತಿತು. ಗೇಟಿನ ಕ್ಯಾಮೆರಾ ಕೆಂಪು ಕಣ್ಣು ಬಿಟ್ಟಿತು. ಮೇಲಿನಿಂದ ಟೈಲರಮ್ಮ "ಬಂತು, ಮುಖ ಪೂರ್ತಿ ಬಂತು!" ಎಂದು ಕೂಗಿದರು. ಕಾರ್ಯದರ್ಶಿ ವೈರ್ ಅಕ್ಕನ ಮುಖ ನೋಡದೆ "ಸರಿ, ಕರೆಂಟಿನ ವಿಷಯ ನಿಜವೇ," ಎಂದರು. ಪೆಟ್ಟಿಗೆ ಸದ್ದಿಲ್ಲದೆ ಹಸಿರು ದೀಪ ಮಿಣುಕಿಸುತ್ತಿತ್ತು. ನೋಡುವುದಕ್ಕೆ ಅಷ್ಟೇ ಇತ್ತು. ಆದರೂ ಇನ್ಸ್‌ಪೆಕ್ಟರ್ ಜಾಗ ಬಿಟ್ಟು ಕದಲಲಿಲ್ಲ. ಮೆಟ್ಟಿಲ ಮೇಲೆ ಕೂತು, ಏನಾಗುತ್ತದೋ ಆಗಲಿ ಎಂದು ಕಾದರು.

ಪಶ್ಚಿಮದ ಬಿಸಿಲು ಮೆಟ್ಟಿಲ ಕಿಟಕಿಗೆ ಬಂತು. ಅಂಗಡಿಗಳೆಲ್ಲ ಭರ್ತಿ ನಡೆಯುತ್ತಿದ್ದವು. ಚಾರ್ಜರ್ ಒಮ್ಮೆಲೆ ಕತ್ತು ಓರೆ ಮಾಡಿದಳು.

"ಮೇಡಂ, ಬೀರುವಿನಲ್ಲಿ ಏನೋ ಗುಂಯ್ ಅಂತಿದೆ."

"ನಂಗೇನೂ ಕೇಳ್ತಿಲ್ಲ," ಎಂದರು ಮಾವ.

"ಮಾವ, ನಿಮಗೆ ಸೈರನ್ನೇ ಕೇಳಲ್ಲ."

"ಫ್ಯಾನು ಮೇಡಂ," ಎಂದಳು ವೈರ್ ಅಕ್ಕ. "ಒಳಗೆ ಕಾದ್ರೆ ತಣ್ಣಗೆ ಮಾಡೋಕೆ ತಾನೇ ಶುರುವಾಗತ್ತೆ. ಬೆಳಿಗ್ಗೆ ಸುಮ್ಮನಿರತ್ತೆ, ಬಿಸಿಲೇರಿ ಎಲ್ಲರೂ ಕೆಲಸ ಮಾಡೋ ಹೊತ್ತಿಗೆ ತಿರುಗತ್ತೆ. ಹಳೇದರಲ್ಲಿ ಫ್ಯಾನೇ ಇರಲಿಲ್ಲ."

ಇನ್ಸ್‌ಪೆಕ್ಟರ್ ಬೀರುವಿನ ಮೇಲೆ ಅಂಗೈ ಇಟ್ಟರು. ತಗಡು ನಡುಗುತ್ತಿತ್ತು. ಬೋಲ್ಟಿನ ಪಕ್ಕ ಗೋಡೆಯ ಮೇಲೆ ಇಟ್ಟರು. ಗೋಡೆಯೂ ನಡುಗುತ್ತಿತ್ತು, ನಿದ್ದೆ ಹೋದ ಬೆಕ್ಕಿನ ಬೆನ್ನಿನಂತೆ. ಆ ಗೋಡೆಯ ಆಚೆ ಏನಿದೆ ಎಂದು ಲೆಕ್ಕ ಹಾಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

* * *

"ಇನ್ನೊಂದು ಸಲ ನನ್ನ ಕಿವಿ ನೋಡಿ."

ಕಿವಿ ಡಾಕ್ಟರು ಅವರನ್ನೂ, ಹಿಂದೆ ಬಾಗಿಲಲ್ಲಿ ನಿಂತ ಮಾವನನ್ನೂ ನೋಡಿದರು. ಹೆಡ್‌ಫೋನ್ ಕೊಟ್ಟರು.

ಗೂಡಿನ ಬಾಗಿಲು ಮುಚ್ಚುತ್ತಿದ್ದಂತೆ ರಸ್ತೆ ಮಾಯವಾಯಿತು. ಆದರೆ ಬೆಳಿಗ್ಗೆ ಇದ್ದ ಮೌನ ಅದಾಗಿರಲಿಲ್ಲ. ಕುರ್ಚಿಯ ಕಾಲಿನಿಂದ, ಬೆನ್ನ ಹಿಂದಿನ ಹಲಗೆಯಿಂದ ಒಂದು ಗುಂಯ್‌ಕಾರ ಮೈಗೆ ಏರುತ್ತಿತ್ತು. ಸದ್ದು ಎನ್ನುವುದಕ್ಕಿಂತ ಸದ್ದಿನ ಮೇಲೆ ಹೊದಿಸಿದ ಕಂಬಳಿ ಎನ್ನಬಹುದಿತ್ತು. ಬೆಳಿಗ್ಗೆ ಕೇಳಿದ್ದ ದಪ್ಪ, ಮೆಲು ಸದ್ದುಗಳಿಗಾಗಿ ಅವರು ಕಾದೇ ಕಾದರು. ಗುಂಡಿ ಒತ್ತಲು ಬೆರಳಿಗೆ ಕೆಲಸವೇ ಸಿಗಲಿಲ್ಲ.

ಹೊರಗೆ ಬಂದು ಬೆಳಗಿನ ಕಾಗದದ ಪಕ್ಕ ಈಗಿನದನ್ನು ಇಟ್ಟರು. ಎರಡನೆಯ ಗೆರೆ ಎಡಬದಿಯಲ್ಲಿ, ದಪ್ಪ ಸದ್ದುಗಳ ಕಡೆ, ಕುಸಿದಿತ್ತು.

"ಬೆಳಿಗ್ಗೆ ಚೆನ್ನಾಗಿದ್ದೆ. ಸಂಜೆಯ ಹೊತ್ತಿಗೆ ಕಿವುಡಿ ಆದೆನಾ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಕ್ಕಳು ಸ್ಕೂಲು ಬಿಟ್ಟ ಮೇಲೆ ಬರ್ತಾರೆ," ಎಂದರು ಕೊನೆಗೆ. "ಸಂಜೆ. ನಾನು ಕೂರೋದು ಹೊರಗೆ, ಇಲ್ಲಿ ಈ ಗಲಾಟೆಯಲ್ಲಿ. ಒಳಗೆ ಕೂರೋದು ಬೆಳಿಗ್ಗೆ ಮಾತ್ರ."

"ಎಷ್ಟು ಮಕ್ಕಳು?"

"ಆ ಎರಡು ತಿಂಗಳಲ್ಲಿ ಆರು. ಎಲ್ಲರಿಗೂ ಕಿವಿ ಸ್ವಲ್ಪ ಮಂದ ಅಂತ ಬರೆದುಕೊಟ್ಟೆ. ಒಬ್ಬ ಹುಡುಗನ ಅಪ್ಪನಿಗೆ ಸಂಜೆ ಪುರುಸೊತ್ತಾಗಲಿಲ್ಲ, ಎರಡನೇ ಸಲ ಬೆಳಿಗ್ಗೆ ಕರ್ಕೊಂಡು ಬಂದ್ರು. ಅವನಿಗೆ ಎಲ್ಲ ಕೇಳಿಸ್ತು. ಆವತ್ತು ಸಂಜೆ ನಾನೇ ಒಳಗೆ ಕೂತು ನೋಡಿದೆ."

"ಗೊತ್ತಾದ ಮೇಲೆ ಪೆಟ್ಟಿಗೆ ಬೇರೆ ಕಡೆ ಹಾಕಿಸಿ ಅಂತ ಕೇಳಬಹುದಿತ್ತು."

"ಯಾಕೆ ಅಂತ ಕೇಳ್ತಿದ್ರು."

"ಬರೀ ಸಂಜೆ ಪರೀಕ್ಷೆ ನಿಲ್ಲಿಸಬಹುದಿತ್ತು."

"ಅದಕ್ಕೂ ಯಾಕೆ ಅಂತ ಕೇಳ್ತಿದ್ರು." ಅವರು ಮುಖ ಒರೆಸಿಕೊಂಡರು. "ಎಲ್ಲ ಮಕ್ಕಳನ್ನೂ ಮತ್ತೆ ಕರೆದು, ಪುಕ್ಕಟೆ ತಪಾಸಣೆ ಅಂತ ಹೇಳಿ, ಹೊಸ ವರದಿ ಕೊಟ್ಟು, ಆಮೇಲೆ ಪೆಟ್ಟಿಗೆ ಮೊದಲಿನ ಹಾಗೇ ಇಟ್ಟು, ಫ್ಯಾನು ಸದ್ದು ಮಾಡತ್ತೆ, ಬೇರೆ ಕಡೆ ಹಾಕಿಸಿ ಅಂತ ಕೇಳೋಣ ಅಂದ್ಕೊಂಡೆ. ಐದು ಮಕ್ಕಳದು ಮುಗಿದಿದೆ. ಐದೂ ಚೆನ್ನಾಗಿವೆ."

"ವೈರ್ ಅಕ್ಕನ ಮೇಲೆ ಕೇಸು ಬಿದ್ದಾಗ ನೀವು ಪಂಚರಾಗಿ ಪಕ್ಕದಲ್ಲೇ ನಿಂತಿದ್ರಿ."

"ಹೌದು."

"ಅವಳು ಅಂಗಡಿಗೆ ಬೀಗ ಹಾಕ್ಬೇಕಾಗತ್ತೆ ಅಂದಿದ್ದು ಕೇಳಿಸ್ತಾ?"

"ಕೇಳಿಸ್ತು. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ." ಅವರು ಎದ್ದು ಗೋಡೆ ಬೀರು ತೆರೆದರು. ಯಂತ್ರಗಳ ಖಾಲಿ ಡಬ್ಬಿಗಳ ಹಿಂದೆ, ಟವೆಲ್‌ನಲ್ಲಿ ಸುತ್ತಿದ ಸ್ವಿಚ್ ಇತ್ತು. ಪೊಲೀಸರು ಪಂಚರ ಸಮಕ್ಷಮ ಅದನ್ನು ವಶಪಡಿಸಿಕೊಂಡರು. ಈ ಸಲ ಟೈಲರಮ್ಮನ ಜೊತೆ ಸಹಿ ಹಾಕಿದ್ದು ವಾಚ್‌ಮನ್.

ವಿಷಯ ತಿಳಿದ ವೈರ್ ಅಕ್ಕ ಬಾಗಿಲಲ್ಲಿ ನಿಂತು ಕುದಿದಳು. "ಒಂದು ಮಾತು ಹೇಳಿದ್ರೆ ಅರ್ಧ ಗಂಟೇಲಿ ಬೇರೆ ಗೋಡೆಗೆ ಹಾಕ್ತಿದ್ದೆನಲ್ಲ ಸಾರ್! ನನ್ನ ಮಾನ ಹರಾಜಿಗಿಟ್ರಲ್ಲ!"

"ನೀವೂ ಬೋಲ್ಟು ಹೊಡೆಯೋ ಮೊದಲು ಆಚೆ ಏನಿದೆ ಅಂತ ಒಂದು ಮಾತು ಕೇಳಬಹುದಿತ್ತು," ಎಂದರು ಇನ್ಸ್‌ಪೆಕ್ಟರ್.

ಅವಳು ಒಳಗೆ ಬಂದು ಗೂಡಿನ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಆರನೇ ಮಗು?" ಇನ್ಸ್‌ಪೆಕ್ಟರ್ ಡಾಕ್ಟರರತ್ತ ತಿರುಗಿದರು. "ಐದು ಅಂದ್ರಿ."

ಅವರು ಗೋಡೆ ಬೀರುವಿನ ಬಾಗಿಲು ಮುಚ್ಚಿದರು. "ಅವಳಿಗೆ ಯಂತ್ರ ಹಾಕಿಸಿದೀನಿ. ಎರಡೂ ಕಿವಿಗೆ. ಅವಳನ್ನ ಕರೆಯೋಕೆ ನಂಗೆ ಧೈರ್ಯ ಬರಲಿಲ್ಲ."

* * *

ಶುಕ್ರವಾರ ಬೆಳಿಗ್ಗೆ ಚಾರ್ಜರ್ ಆ ಹುಡುಗಿಯನ್ನೂ ತಾಯಿಯನ್ನೂ ಕರೆತಂದಳು. ಊರಿನಲ್ಲಿ ಇಂಥ ಗೂಡು ಇನ್ನೊಂದಿರಲಿಲ್ಲ, ಅದನ್ನು ನಡೆಸಬಲ್ಲವರೂ ಇನ್ನೊಬ್ಬರಿರಲಿಲ್ಲ. ದಸ್ತಗಿರಿ ಪತ್ರ ಸಿದ್ಧವಾಗಿತ್ತು. ಸಮಯ ಬರೆಯುವ ಜಾಗವನ್ನು ಮಾತ್ರ ಇನ್ಸ್‌ಪೆಕ್ಟರ್ ಖಾಲಿ ಬಿಡಿಸಿದ್ದರು.

ಬೀರು ಇನ್ನೂ ಆ ಗೋಡೆಯ ಮೇಲೇ ಇತ್ತು. ಫ್ಯಾನು ತಿರುಗುವ ಹೊತ್ತಲ್ಲದಿದ್ದರೂ ಯಾವ ಅನುಮಾನಕ್ಕೂ ಎಡೆ ಇರಬಾರದೆಂದು ಇನ್ಸ್‌ಪೆಕ್ಟರ್ ಅದರ ಕರೆಂಟನ್ನೇ ತೆಗೆಸಿದರು. ಅದಕ್ಕೆ ಮೊದಲು ಕಾರ್ಯದರ್ಶಿ ತಾವೇ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದರು. "ಅರ್ಧ ಗಂಟೆ ನೆಟ್ ಇರಲ್ಲ. ಯಾಕೆ ಅಂತ ಕೇಳಬೇಡಿ. ಗಟ್ಟಿಯಾಗಿ ಬಾಗಿಲು ಹಾಕಬೇಡಿ." ಪ್ರೆಸ್ಸಿನ ಮೆಷಿನ್ನನ್ನೂ ಅವರು ನಿಲ್ಲಿಸಿದ್ದರು.

ಹುಡುಗಿಗೆ ಆರು ವರ್ಷ ಇರಬಹುದು. ತಾಯಿ ಅವಳ ಕಿವಿಯಿಂದ ಯಂತ್ರಗಳನ್ನು ತೆಗೆದು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಡಾಕ್ಟರು ಹುಡುಗಿಯನ್ನು ಗೂಡಿನೊಳಗೆ ಕೂರಿಸಿ ಹೆಡ್‌ಫೋನ್ ಹಾಕಿ, ಮಡಿಲಿಗೆ ಮರದ ಬಿಲ್ಲೆಗಳನ್ನು ಸುರಿದು, ಮುಂದೆ ಒಂದು ತಗಡಿನ ಡಬ್ಬಿ ಇಟ್ಟು, ಸದ್ದು ಕೇಳಿದಾಗೆಲ್ಲ ಒಂದು ಬಿಲ್ಲೆ ಹಾಕಬೇಕು ಎಂದು ಸನ್ನೆಯಲ್ಲಿ ತೋರಿಸಿದರು. ಬಾಗಿಲು ಮುಚ್ಚಿ ಯಂತ್ರದ ಮುಂದೆ ಕೂತರು. ಗೂಡಿನೊಳಗಿನ ಮೈಕ್ ಹೊರಗಿನ ಸಣ್ಣ ಸ್ಪೀಕರಿಗೆ ಸೇರಿತ್ತು.

ಟಣ್.

ಅವರು ಸದ್ದು ತಗ್ಗಿಸಿದರು. ಟಣ್. ಇನ್ನೂ ತಗ್ಗಿಸಿದರು. ಟಣ್. ಮಾವ ಉಸಿರು ಹಿಡಿದು ನಿಂತಿದ್ದರು. ಗಾಜಿನ ಕಿಂಡಿಯಲ್ಲಿ ಹುಡುಗಿಯ ಮುಖ ಕಾಣುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಬಿಲ್ಲೆ ಹಿಡಿದ ಕೈ ಡಬ್ಬಿಯ ಮೇಲೆ ಕಾಯುತ್ತಿತ್ತು. ಯಂತ್ರದ ಮುಳ್ಳು ಇನ್ನು ಇಳಿಯಲಾರದಷ್ಟು ಕೆಳಗೆ ಹೋಯಿತು.

ಟಣ್.

ಡಾಕ್ಟರು ಯಂತ್ರ ಆರಿಸಿ, ಗೂಡಿನ ಬಾಗಿಲು ತೆಗೆದು, ತಾಯಿಯ ಕಡೆ ತಿರುಗಿದರು. "ಕೇಳತ್ತೆ ಅಮ್ಮ. ಎಲ್ಲ ಕೇಳತ್ತೆ. ಮೊದಲಿನಿಂದಲೂ ಕೇಳ್ತಿತ್ತು. ತಪ್ಪು ನಂದು."

ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ತಾಯಿ ಸಂತೋಷವನ್ನೂ ಪಡಲಿಲ್ಲ, ಕೂಗಾಡಲೂ ಇಲ್ಲ. ಅಂಗೈ ಬಿಚ್ಚಿ ಆ ಎರಡು ಪುಟ್ಟ ಯಂತ್ರಗಳನ್ನೇ ನೋಡುತ್ತಿದ್ದರು.

"ಊಟ ಆದ ಮೇಲೆ ಇದನ್ನ ತೆಗೆದಿಡ್ತಿದ್ವಿ," ಎಂದರು. "ಇನ್ನು ಇವಳಿಗೆ ಕೇಳಲ್ಲ ಅಂದ್ಕೊಂಡು ಇವಳ ಪಕ್ಕದಲ್ಲೇ ಕೂತು ಮಾತಾಡ್ತಿದ್ವಿ. ನಾನು, ಇವರಪ್ಪ, ನಮ್ಮತ್ತೆ. ಯಾರ ಕಡೆಯಿಂದ ಬಂತು ಇದು ಅಂತ ಜಗಳ. ಇವಳ ಗತಿ ಏನು, ಯಾರು ನೋಡ್ಕೋತಾರೆ... ಏನೇನು ಅಂದಿದೀವೋ. ಎಲ್ಲ ಕೇಳಿಸಿಕೊಂಡಿದಾಳಾ?"

ಗೂಡಿನ ಬಾಗಿಲು ತೆರೆದಿತ್ತು. ಹುಡುಗಿ ಮಡಿಲಲ್ಲಿ ಉಳಿದ ಬಿಲ್ಲೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದಳು. ತಾಯಿ ಅವಳ ಮುಂದೆ ಮಂಡಿಯೂರಿದರು.

"ಕೇಳಿಸ್ತಿತ್ತು ಅಂತ ಯಾಕೆ ಹೇಳಲಿಲ್ಲ ಪುಟ್ಟಿ?"

"ನೀವು ಅಳ್ತಿದ್ರಿ ಅಲ್ವಾ," ಎಂದಳು ಹುಡುಗಿ, ಬಹಳ ಮೆಲ್ಲಗೆ.

ಮಧ್ಯಾಹ್ನಕ್ಕೆ ಮೊದಲು ದಸ್ತಗಿರಿಯಾಯಿತು. ಎಫ್‌ಐಆರ್‌ನಿಂದ ವೈರ್ ಅಕ್ಕನ ಹೆಸರು ಕೈಬಿಡಲು ವರದಿ ಹೋಯಿತು, ಕಳವಿನ ಕಲಂ ಸೇರಿತು. ತಪ್ಪು ವರದಿಗಳ ವಿಷಯವನ್ನು ಬೇರೆಯಾಗಿ ವೈದ್ಯಕೀಯ ಇಲಾಖೆಗೆ ಬರೆದರು. ಕಾರ್ಯದರ್ಶಿ ಫೋನ್ ಗುಂಪಿನಲ್ಲಿ ಕ್ಷಮೆ ಕೇಳಿದರು. ಅದು ಸಾಲದೆಂದು ವೈರ್ ಅಕ್ಕ ಅಚ್ಚು ಹಾಕಿಸಿ ಗೇಟಿಗೆ ಅಂಟಿಸುವವರೆಗೂ ಬಿಡಲಿಲ್ಲ. ಬೀರುವನ್ನು ಅವಳು ಗೇಟಿನ ಹೊರಗೋಡೆಗೆ ಸಾಗಿಸಿದಳು.

ಠಾಣೆಯಲ್ಲಿ ಆರೋಪಿಯ ಹೇಳಿಕೆಯನ್ನು ಮಾವ ಬರೆದುಕೊಂಡರು. ಪರವಾನಗಿ ಹೋಗಬಹುದು, ಜೈಲಾಗಬಹುದು ಎಂಬುದು ತಮಗೆ ಗೊತ್ತಿತ್ತು, ಅದಕ್ಕೆ ಹೆದರಲಿಲ್ಲ ಎಂದು ಡಾಕ್ಟರು ಹೇಳಿದರು. ಆ ಮಗುವಿನ ಮನೆಯ ಬೀದಿಯ ತನಕ ಎರಡು ಸಲ ಹೋಗಿದ್ದರಂತೆ, ತಿರುವಿನಿಂದಲೇ ವಾಪಸ್ಸು ಬಂದಿದ್ದರಂತೆ.

"ಯಾಕೆ ಅಂತ ಬರೀಲಿ?" ಮಾವ ಕೇಳಿದರು.

"ಆ ತಾಯಿ ಏನೋ ಒಂದು ಕೇಳ್ತಾರೆ ಅಂತ ಗೊತ್ತಿತ್ತು," ಎಂದರು ಕಿವಿ ಡಾಕ್ಟರು. "ಏನು ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು."